ಮೇಜಿನ ಮೇಲಿನ ಮೃಗಕ್ಕೂ ಜೀವದಾಸೆ ಕೊಡುವ ಬಗೆ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕತೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಕಾಳಗ ಬೇಸರ ತರಿಸಿದರೆ ತಪ್ಪು ಹೆಚ್ಚಾಗಿ ನಿಯಮಗಳದ್ದಲ್ಲ, ಮೃಗವನ್ನು ಆಡಿಸುವ ರೀತಿಯದ್ದು. ಎದುರಾದ ಮೃಗ ಹತ್ತಿರದ ಪಾತ್ರದ ಮುಂದೆ ಬಂದು ನಿಲ್ಲುತ್ತದೆ, ಸರದಿ ಬಂದಾಗಲೆಲ್ಲ ಕಚ್ಚುತ್ತದೆ, ಜೀವಬಲದ ಅಂಕಿಯಾದ ಹಿಟ್ ಪಾಯಿಂಟ್ ಸೊನ್ನೆಗೆ ಇಳಿಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಇದು ಸುಳ್ಳೆಂದು ಕೊಡಗಿನಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿ ತೋಟಕ್ಕೆ ಇಳಿದ ಆನೆಯಾಗಲಿ, ಗದ್ದೆ ಬಗೆಯುವ ಕಾಡುಹಂದಿಯಾಗಲಿ, ಕೊಟ್ಟಿಗೆಯ ಸುತ್ತ ಸುಳಿಯುವ ಚಿರತೆಯಾಗಲಿ ಸಾಯುವುದಕ್ಕೆಂದು ಬಂದಿರುವುದಿಲ್ಲ. ಹೊಟ್ಟೆ ತುಂಬಿಸಿಕೊಳ್ಳಲು, ಮರಿಯನ್ನು ಕಾಯಲು ಅಥವಾ ಸುಮ್ಮನೆ ಆಚೆಗೆ ದಾಟಿಹೋಗಲು ಬಂದಿರುತ್ತದೆ, ಮತ್ತು ಬಂದ ಕೆಲಸಕ್ಕೆ ತೆರಬೇಕಾದ ಬೆಲೆ ಹೆಚ್ಚಾಯಿತೆನ್ನಿಸಿದ ಕೂಡಲೇ ಹೊರಟುಹೋಗುತ್ತದೆ. ಮೇಜಿನ ಮೇಲಿನ ಮಾನ್‌ಸ್ಟರ್‌ಗೂ ಈ ಜೀವದಾಸೆಯನ್ನು ಕೊಟ್ಟರೆ ಅದರ ಯುದ್ಧತಂತ್ರದ ಮುಕ್ಕಾಲು ಪಾಲು ತಾನಾಗಿಯೇ ಹೊಳೆಯುತ್ತದೆ.

ಕಕ್ಕಡ ತಿಂಗಳ ಮಳೆ ಹಿಡಿದು, ತೋಟದ ಕೆಲಸ ನಿಂತು, ಕರೆಂಟಿನ ನಂಬಿಕೆಯೂ ಇಲ್ಲದ ಸಂಜೆಗಳಲ್ಲಿ ದಾಳ ಉರುಳಿಸಲು ಕುಳಿತುಕೊಳ್ಳುವ ಗೇಮ್ ಮಾಸ್ಟರ್‌ಗಳನ್ನು, ಅಂದರೆ ಕತೆ ನಡೆಸಿ ಮೃಗಗಳನ್ನು ಆಡಿಸುವವರನ್ನು, ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. 1974ರಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯ ಅಂಕಿಗಳನ್ನು ಉದಾಹರಣೆಗೆ ಬಳಸಿದ್ದೇನೆ. ಬೇರೆ ಆಟ ಆಡುವವರು ಅಂಕಿಗಳನ್ನು ಬದಲಿಸಿಕೊಂಡರೆ ಸಾಕು, ವಿಚಾರ ಅದೇ.

ಮೊದಲು ಒಂದು ಚೀಟಿ

ಮಾನ್‌ಸ್ಟರ್‌ನ ಅಂಕಿಗಳ ಪಟ್ಟಿಯನ್ನು ಓದುವ ಮೊದಲೇ ಒಂದು ಚೀಟಿಯಲ್ಲಿ ಅದಕ್ಕೆ ಏನು ಬೇಕು, ಅದು ಯಾವುದಕ್ಕೆ ಹೆದರುತ್ತದೆ, ಸೋತರೆ ಯಾವ ಕಡೆಗೆ ಓಡುತ್ತದೆ ಎಂಬುದನ್ನು ಬರೆದುಕೊಳ್ಳಬೇಕು. ಮೂರನೆಯದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ಓಡುವ ದಾರಿ ಗೊತ್ತಿದ್ದರೆ ಮಾತ್ರ ಮೃಗ ಎಲ್ಲಿ ನಿಂತು ಕಾದಾಡುತ್ತದೆ ಎಂಬುದು ಗೊತ್ತಾಗುತ್ತದೆ, ಏಕೆಂದರೆ ಬುದ್ಧಿಯಿರುವ ಯಾವ ಪ್ರಾಣಿಯೂ ತನ್ನ ಬೆನ್ನ ಹಿಂದಿನ ದಾರಿಯನ್ನು ಮುಚ್ಚಿಕೊಳ್ಳುವುದಿಲ್ಲ. ಗೂಬೆಯ ತಲೆ, ಕರಡಿಯ ಮೈ ಇರುವ ಔಲ್‌ಬೇರ್ ಎಂಬ ಮೃಗದ ಚೀಟಿಯಲ್ಲಿ “ಬಂಡೆಯ ಕೆಳಗೆ ಮರಿ ಇದೆ, ಬೆಂಕಿ ಕಂಡರೆ ಹಿಂಜರಿಯುತ್ತದೆ, ಓಡುವುದಾದರೆ ಹಳ್ಳದ ಕಡೆಗೆ, ಆದರೆ ಮರಿಯನ್ನು ಬಿಟ್ಟು ಓಡುವುದಿಲ್ಲ” ಎಂದಿದೆಯೆನ್ನಿ. ಆಗ ಅದು ತಂಡದ ಅತಿ ದುರ್ಬಲನನ್ನು ಹುಡುಕಿಕೊಂಡು ಹೋಗುವುದಿಲ್ಲ. ತನಗೂ ಬಂಡೆಗೂ ನಡುವೆ ಯಾರು ನಿಂತಿದ್ದಾರೋ ಅವರ ಮೇಲೆ ಬೀಳುತ್ತದೆ, ಅವರು ಪಕ್ಕಕ್ಕೆ ಸರಿದರೆ ಬೆನ್ನಟ್ಟದೆ ಮರಿಯ ಬಳಿಗೆ ಹಿಂದಿರುಗುತ್ತದೆ. ಇದನ್ನು ಎರಡನೇ ಸುತ್ತಿನಲ್ಲೇ ಗ್ರಹಿಸಿದ ಆಟಗಾರ ದಾಳ ಮುಟ್ಟದೆ ಕಾಳಗವನ್ನು ಮುಗಿಸಬಲ್ಲ.

ಒಂಟಿ ಬೇಟೆಗಾರ

ಹುಲಿಯನ್ನು, ಅಥವಾ ಹುಲಿಯ ಸ್ವಭಾವದ ಯಾವುದೇ ಮೃಗವನ್ನು ಆಡಿಸುವಾಗ ಮುಖ್ಯವಾಗಿ ನೆನಪಿಡಬೇಕಾದದ್ದು, ಅದು ಎದುರಿನಿಂದ ಬರುವುದಿಲ್ಲ ಎಂಬುದು. ಹೊಂಚು ಹಾಕಿ, ಆದಷ್ಟು ಹತ್ತಿರಕ್ಕೆ ಸರಿದು, ಹಿಂದಿನಿಂದ ಅಥವಾ ಪಕ್ಕದಿಂದ ಒಂದೇ ಜಿಗಿತಕ್ಕೆ ಬೀಳುತ್ತದೆ. ಗುರಿ ತಪ್ಪಿದರೆ ದೂರದವರೆಗೆ ಅಟ್ಟಿಕೊಂಡು ಹೋಗುವ ಗೊಡವೆಗೆ ಹೋಗುವುದಿಲ್ಲ. ತಾನು ಕಣ್ಣಿಗೆ ಬಿದ್ದೆನೆಂದು ತಿಳಿದರೂ ಅದರ ಉತ್ಸಾಹ ಕುಗ್ಗುತ್ತದೆ. 1980ರ ದಶಕದ ಕೊನೆಯಲ್ಲಿ ಸುಂದರಬನದ ಕಾಡಿಗೆ ಹೋಗುವವರು ತಲೆಯ ಹಿಂಬದಿಗೆ ಮನುಷ್ಯ ಮುಖದ ಮುಖವಾಡ ಕಟ್ಟಿಕೊಂಡದ್ದು ಇದೇ ನಂಬಿಕೆಯಿಂದ.

ಐದನೇ ಆವೃತ್ತಿಯ ಹುಲಿಗೆ 37 ಹಿಟ್ ಪಾಯಿಂಟ್, 40 ಅಡಿ ವೇಗ. 20 ಅಡಿ ನೇರ ಓಡಿ ಪಂಜದಿಂದ ಹೊಡೆದರೆ ಎದುರಾಳಿ ಬೀಳುವ ಸಾಧ್ಯತೆ ಇದೆ, ಬಿದ್ದವರನ್ನು ಅದೇ ಸರದಿಯಲ್ಲಿ ಕಚ್ಚಲೂಬಹುದು. ಈ ಬಲವನ್ನು ಹಿಡಿದುಕೊಂಡು ತಂಡದ ನಡುವೆ ನಿಂತು ಹೊಡೆದಾಡಿಸಿದರೆ ಮೂರು ಸುತ್ತಿನಲ್ಲಿ ಸಾಯುತ್ತದೆ, ಆಟಗಾರರಿಗೆ ಹುಲಿಯನ್ನು ಕಂಡ ಭಯವೂ ಆಗುವುದಿಲ್ಲ. ಬದಲಿಗೆ ಸಾಲಿನ ಕೊನೆಯಲ್ಲಿ ನಡೆಯುತ್ತಿರುವವನ ಮೇಲೆ ಅದು ಬೀಳಲಿ. ಮುಂದಿನ ಸರದಿಯಲ್ಲಿ ಅವನನ್ನು ಹಿಡಿದು ಲಂಟಾನ ಪೊದೆಯೊಳಕ್ಕೆ ಎಳೆಯಲಿ. ಹಿಡಿದೆಳೆಯುವಾಗ ವೇಗ ಅರ್ಧಕ್ಕೆ ಇಳಿಯುವುದರಿಂದ ಒಂದು ಸರದಿಗೆ 20 ಅಡಿ ಸಾಗುತ್ತದೆ, ಅಂದರೆ ಉಳಿದವರಿಗೆ ಅವನನ್ನು ಬಿಡಿಸಿಕೊಳ್ಳಲು ಸಮಯವಿದೆ, ಆದರೆ ಯೋಚಿಸುತ್ತ ಕೂರುವಷ್ಟು ಇಲ್ಲ. ಹದಿನೈದು ಪಾಯಿಂಟ್‌ಗಳಷ್ಟು ಪೆಟ್ಟು ಒಟ್ಟಿಗೆ ಬಿದ್ದರೆ ಬಾಯಲ್ಲಿದ್ದುದನ್ನು ಬಿಟ್ಟು ಮರೆಯಾಗಲಿ. ಅದು ಸತ್ತಿಲ್ಲ, ಮತ್ತು ರಾತ್ರಿ ಇನ್ನೂ ಮುಗಿದಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತಿದೆ.

ಬೀಳುವ ಮೊದಲು ಕಾಡು ಎಚ್ಚರಿಸಬೇಕು, ಇಲ್ಲದಿದ್ದರೆ ಆಟಗಾರರಿಗೆ ಇದು ಗೇಮ್ ಮಾಸ್ಟರ್ ಮಾಡಿದ ಅನ್ಯಾಯವಾಗಿ ಕಾಣುತ್ತದೆ. ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗುತ್ತದೆ, ಜಿಂಕೆ ಕಿರುಚುತ್ತದೆ, ಕಡವೆಯಂತೂ ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. “ಎಡಗಡೆಯ ಮರದಲ್ಲಿ ಮುಸುವ ಕೂಗುತ್ತಿದೆ, ಆದರೆ ಅದು ನಿಮ್ಮನ್ನು ನೋಡುತ್ತಿಲ್ಲ” ಎಂಬ ಒಂದು ವಾಕ್ಯ ಸಾಕು. ಕೊಡಗಿನ ಆಟಗಾರರ ಮುಂದೆ ಈ ವಾಕ್ಯ ಹೇಳಿ, ಯಾರೂ ಸುತ್ತಲಿನದನ್ನು ಗಮನಿಸುವ ಪರ್ಸೆಪ್ಷನ್ ದಾಳ ಕೇಳದೆಯೇ ಸಾಲು ಬಿಗಿಯಾಗುವುದನ್ನು ನೋಡಬಹುದು.

ಗುಂಪಿನ ಬೇಟೆ

ನಾಗರಹೊಳೆಯಲ್ಲಿ ಹುಲಿ, ಚಿರತೆ ಮತ್ತು ಸೀಳುನಾಯಿಗಳು ಒಂದೇ ಕಾಡನ್ನು ಹಂಚಿಕೊಂಡು ಬದುಕುತ್ತವೆ. ಅವು ಏನನ್ನು ತಿನ್ನುತ್ತವೆ ಎಂಬುದರ ಬಗ್ಗೆ ಕೆ. ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಅವರು ಅಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹುಲಿ ಕಾಟಿ, ಕಡವೆಯಂಥ ದೊಡ್ಡ ಪ್ರಾಣಿಗಳತ್ತ ವಾಲಿದರೆ, ಚಿರತೆ ಮತ್ತು ಸೀಳುನಾಯಿಗಳು ಜಿಂಕೆಯಂಥ ನಡುಗಾತ್ರದ ಬೇಟೆಯನ್ನು ಹೆಚ್ಚಾಗಿ ಹಿಡಿಯುತ್ತವೆ. ಗೇಮ್ ಮಾಸ್ಟರ್‌ಗೆ ಇದರಿಂದ ಸಿಗುವ ಲಾಭ ದೊಡ್ಡದು: “ಮಾನ್‌ಸ್ಟರ್ ಯಾರ ಮೇಲೆ ಬೀಳಬೇಕು” ಎಂಬ ಪ್ರಶ್ನೆಗೆ ಎಲ್ಲ ಮೃಗಗಳಿಗೂ ಒಂದೇ ಉತ್ತರ ಇರಬೇಕಾಗಿಲ್ಲ. ಓಗರ್ ಎಂಬ ಮಂದಬುದ್ಧಿಯ ದೈತ್ಯ ಹೆಚ್ಚು ಮಾಂಸವಿರುವ ಕುದುರೆಯನ್ನೇ ನೋಡಬಹುದು, ಜೇಡ ಬಲೆಗೆ ಸಿಕ್ಕಿದವರನ್ನು ಬಿಟ್ಟು ಬೇರೆಯವರತ್ತ ಕಣ್ಣು ಹಾಯಿಸದಿರಬಹುದು, ತೋಳಗಳು ಗುಂಪಿನಿಂದ ಬೇರೆಯಾದವನಿಗಾಗಿ ಕಾಯಬಹುದು.

ಸೀಳುನಾಯಿಗಳ ಬೇಟೆಯನ್ನು ಆಟಕ್ಕೆ ತರಬೇಕಾದರೆ ತೋಳದ ಅಂಕಿಗಳೇ ಸಾಕು: 11 ಹಿಟ್ ಪಾಯಿಂಟ್, 40 ಅಡಿ ವೇಗ, ಗುರಿಯ ಪಕ್ಕದಲ್ಲಿ ಜೊತೆಗಾರ ಇದ್ದರೆ ಅಡ್ವಾಂಟೇಜ್ (ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಹಿಡಿಯುವ ಅವಕಾಶ), ಕಚ್ಚಿದಾಗ ಬೀಳಿಸುವ ಅವಕಾಶ. ಸಿಳ್ಳೆ ಹೊಡೆದಂಥ ಕೂಗಿನಿಂದ ಒಂದನ್ನೊಂದು ಕರೆದುಕೊಳ್ಳುವ ಈ ಪ್ರಾಣಿಗಳ ಮುಖ್ಯ ಆಯುಧ ಓಟ. ಆದ್ದರಿಂದ ಮೊದಲ ಸುತ್ತಿನಲ್ಲಿ ಯಾವುದೂ ಕಚ್ಚದಿರಲಿ. ಒಂದು ಎಡಗಡೆ ಕಾಣಿಸಿಕೊಳ್ಳಲಿ, ಎರಡು ಹಿಂದೆ, ಉಳಿದವುಗಳ ಸಿಳ್ಳೆ ಮಾತ್ರ ಮಂಜಿನಲ್ಲಿ ಕೇಳಲಿ. ಇದರ ಉದ್ದೇಶ ಯಾರಾದರೂ ಓಡುವಂತೆ ಮಾಡುವುದು. ಬೆನ್ನಿಗೆ ಬೆನ್ನು ಕೊಟ್ಟು ನಿಂತವರನ್ನು ಅವು ಮುಟ್ಟುವುದಿಲ್ಲ. ಓಡಿದವನ ಹಿಂದೆ ಇಡೀ ಗುಂಪು ಹೋಗುತ್ತದೆ.

ಇಲ್ಲಿ ನಿಯಮದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿದ್ದವರನ್ನು ಹತ್ತಿರದಿಂದ ಹೊಡೆಯುವಾಗಲೂ ಅಡ್ವಾಂಟೇಜ್ ಸಿಗುತ್ತದೆ, ಆದರೆ ಗುಂಪಿನಲ್ಲಿರುವ ತೋಳಕ್ಕೆ ಅದು ಮೊದಲೇ ಸಿಕ್ಕಿರುವುದರಿಂದ ಎರಡು ಅಡ್ವಾಂಟೇಜ್ ಸೇರಿ ಹೆಚ್ಚೇನೂ ಆಗುವುದಿಲ್ಲ. ಹಾಗಾದರೆ ಬೀಳಿಸುವುದು ಯಾಕೆ? ಎದ್ದು ನಿಲ್ಲಲು ಅರ್ಧ ಓಟದ ದೂರ ಖರ್ಚಾಗುತ್ತದೆ, ಗುಂಪಿನಿಂದ ದೂರವಾದವನು ಮತ್ತೆ ಗೆಳೆಯರ ಬಳಿಗೆ ಮುಟ್ಟಲಾರ, ಅದಕ್ಕೆ. ಹೀಗೆ ಅಂಕಿಗಳ ಪಟ್ಟಿಯ ಪ್ರತಿಯೊಂದು ಸಾಮರ್ಥ್ಯಕ್ಕೂ ಬೇಟೆಯಲ್ಲಿ ಅದರ ಕೆಲಸವೇನು ಎಂದು ಕೇಳಿಕೊಂಡರೆ ತಂತ್ರ ಅಲ್ಲಿಂದಲೇ ಹೊರಡುತ್ತದೆ. ಹಿಂದೆ ಸರಿಯುವಾಗ ಆಪರ್ಚುನಿಟಿ ಅಟ್ಯಾಕ್‌ನ, ಅಂದರೆ ದೂರ ಹೋಗುವವರಿಗೆ ಬೀಳುವ ಪುಕ್ಕಟೆ ಪೆಟ್ಟಿನ, ಭಯವಿದ್ದರೂ ಅದನ್ನು ಹೊಡೆಯಲು ಬೇಕಾದ ರಿಯಾಕ್ಷನ್ ಒಂದು ಸುತ್ತಿಗೆ ಒಬ್ಬ ಪಾತ್ರಕ್ಕೆ ಒಂದೇ. ಒಂದು ತೋಳ ಪೆಟ್ಟು ತಿಂದರೆ ಉಳಿದವು ಸಲೀಸಾಗಿ ಹೊರಟುಹೋಗುತ್ತವೆ.

ದೊಡ್ಡ ಸಸ್ಯಾಹಾರಿ ಮೃಗಗಳನ್ನು ಆಡಿಸುವವರು ಆನೆಯ ಹುಸಿದಾಳಿಯನ್ನು ಮರೆಯಬಾರದು. ಕಿವಿ ಅಗಲಿಸಿ, ಘೀಳಿಟ್ಟು, ಧೂಳೆಬ್ಬಿಸಿ ಓಡಿಬಂದು ಸ್ವಲ್ಪ ದೂರದಲ್ಲಿ ನಿಂತುಬಿಡುವ ಆನೆ ಹೊರಡಲು ಹೇಳುತ್ತಿದೆ. ಕಿವಿಯನ್ನು ಹಿಂದಕ್ಕೆ ಒತ್ತಿ, ಸೊಂಡಿಲು ಸುರುಳಿ ಸುತ್ತಿ, ಸದ್ದಿಲ್ಲದೆ ಬರುವ ಆನೆಯ ಮುಂದೆ ನಿಲ್ಲಬಾರದು ಎಂದು ತೋಟದ ಕಡೆಯವರೆಲ್ಲ ಹೇಳುತ್ತಾರೆ. ಆಟದಲ್ಲೂ ಒಂದು ಸುತ್ತನ್ನು ಬೆದರಿಕೆಗೆಂದೇ ಕೊಡಬಹುದು: ಮೃಗ ಓಡಿಬರುತ್ತದೆ, ಹೊಡೆಯುವುದಿಲ್ಲ. ಆಗ ಬಾಣ ಬಿಡುವವನೂ ಹಿಂದೆ ಸರಿಯುವವನೂ ಬೇರೆಬೇರೆ ಕತೆಗಳನ್ನು ಆರಿಸಿಕೊಳ್ಳುತ್ತಾರೆ.

ಬುದ್ಧಿ ಎಷ್ಟು, ವಿವೇಕ ಎಷ್ಟು

ಮಾನ್‌ಸ್ಟರ್‌ನ ಇಂಟೆಲಿಜೆನ್ಸ್ ಮತ್ತು ವಿಸ್‌ಡಮ್ ಅಂಕಿಗಳನ್ನು ಕಾಳಗದಲ್ಲಿ ಯಾರೂ ನೋಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಅಂಕಿಗಳು ಇವೆರಡೇ. ಮೊದಲನೆಯದು ಮೃಗ ಎಷ್ಟು ಯೋಜನೆ ಮಾಡಬಲ್ಲದು ಎಂಬುದನ್ನು ಹೇಳುತ್ತದೆ, ಎರಡನೆಯದು ಪರಿಸ್ಥಿತಿ ಕೆಟ್ಟಿದೆಯೆಂದು ಅದಕ್ಕೆ ಎಷ್ಟು ಬೇಗ ತಿಳಿಯುತ್ತದೆ ಎಂಬುದನ್ನು. ತೋಳದ ಇಂಟೆಲಿಜೆನ್ಸ್ 3, ವಿಸ್‌ಡಮ್ 12: ಅದಕ್ಕೆ ಗೊತ್ತಿರುವುದು ಒಂದೇ ತಂತ್ರ, ಆದರೆ ಬಿಟ್ಟುಹೋಗುವ ಸಮಯ ಚೆನ್ನಾಗಿ ಗೊತ್ತು. ಓಗರ್‌ಗೆ 5 ಮತ್ತು 7. ಅದು ಹೊಡೆದವನನ್ನೇ ತಿರುಗಿ ಹೊಡೆಯುತ್ತದೆ, ಯಾರು ಕೆಣಕಿದರೂ ಅತ್ತ ತಿರುಗುತ್ತದೆ, ಸೋತಿದ್ದೇನೆಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಗಾಬ್ಲಿನ್ ಎಂಬ ಕುಳ್ಳ ಕಳ್ಳಜೀವಿಗೆ 10 ಮತ್ತು 8, ಅಂದರೆ ಸಾಮಾನ್ಯ ಮನುಷ್ಯನಷ್ಟು ಬುದ್ಧಿ, ಸ್ವಲ್ಪ ಕಡಿಮೆ ವಿವೇಕ; ಒಳ್ಳೆಯ ಯೋಜನೆ ಹಾಕುತ್ತದೆ, ದುರಾಸೆಯಿಂದ ಅದನ್ನು ಕೆಡಿಸಿಕೊಳ್ಳುತ್ತದೆ. ವಯಸ್ಕ ಕೆಂಪು ಡ್ರ್ಯಾಗನ್‌ನ ಇಂಟೆಲಿಜೆನ್ಸ್ 16. ಅದು ಈ ತಂಡದ ಬಗ್ಗೆ ಮೊದಲೇ ಕೇಳಿ ತಿಳಿದಿರುತ್ತದೆ, ಮತ್ತು ಬೆಂಕಿಯುಸಿರು ಮತ್ತೆ ಸಿದ್ಧವಾಗುವವರೆಗೆ, ಅಂದರೆ ಆರು ಮುಖದ ದಾಳದಲ್ಲಿ 5 ಅಥವಾ 6 ಬೀಳುವವರೆಗೆ, ಕೈಗೆ ಸಿಗದ ಎತ್ತರದಲ್ಲಿ ಹಾರಾಡುತ್ತಲೇ ಇರುತ್ತದೆ. ಅದರ ವಾಸಸ್ಥಾನವೂ ಅಷ್ಟೇ ವಿಚಾರ ಮಾಡಿ ಆರಿಸಿದ್ದಾಗಿರಬೇಕು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ತಡಿಯಂಡಮೋಳು ಬೆಟ್ಟದ ಬುಡದ ಕಾಡಿನಲ್ಲಿ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದ ಜಾಗವನ್ನು ನೋಡಿದವರಿಗೆ, ಬುದ್ಧಿವಂತನು ಗೋಡೆಯ ದಪ್ಪಕ್ಕಿಂತ ದಾರಿಯ ಕಷ್ಟವನ್ನು ಹೆಚ್ಚು ನಂಬುತ್ತಾನೆ ಎಂಬುದು ತಿಳಿಯುತ್ತದೆ. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಹೋಗುವ, ಎರಡೂ ಬದಿಗೆ ಮಣ್ಣಿನ ದಂಡೆಯಿರುವ ಕಿರಿದಾದ ಓಣಿಯನ್ನು ನಕ್ಷೆಯಲ್ಲಿ ಬರೆದರೂ ಸಾಕು. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಕಾವಲಿನವರು ಮೇಲಿರುತ್ತಾರೆ.

ಕಡಂಗದ ಗಾಬ್ಲಿನ್‌ಗಳು

ಇಷ್ಟನ್ನೂ ಒಂದು ಕಾಳಗದಲ್ಲಿಟ್ಟು ನೋಡೋಣ. ಕೊಡಗಿನ ಗುಡ್ಡಗಳಲ್ಲಿ ಹಿಂದಿನವರು ರಕ್ಷಣೆಗೂ ಗಡಿಗೂ ತೋಡಿದ ಕಡಂಗಗಳು ಇಂದಿಗೂ ಕಾಣಸಿಗುತ್ತವೆ; ಅಂಥ ಒಂದು ಹಳೆಯ ಕಂದಕ ದಾರಿಯನ್ನು ಅಡ್ಡಹಾಯುತ್ತದೆ, ಅದರ ತುಂಬ ಜರೀಗಿಡ ಬೆಳೆದಿದೆ, ಮಳೆ ಸಣ್ಣಗೆ ಬೀಳುತ್ತಿದೆ, ಮಂಜಿನಿಂದಾಗಿ 30 ಅಡಿಯಾಚೆ ಏನೂ ಕಾಣುವುದಿಲ್ಲ. ನಾಲ್ವರ ತಂಡ ಒಂದು ಹೇಸರಗತ್ತೆಯ ಮೇಲೆ ಅಕ್ಕಿ ಮೂಟೆ ಹೇರಿಕೊಂಡು ಬರುತ್ತಿದೆ. ಕಡಂಗದಲ್ಲಿ ಆರು ಗಾಬ್ಲಿನ್‌ಗಳಿವೆ. ಚೀಟಿಯಲ್ಲಿ ಇರುವುದು ಇಷ್ಟು: ಅಕ್ಕಿ ಬೇಕು, ಬೆಂಕಿಯ ಮಂತ್ರಕ್ಕೆ ಹೆದರುತ್ತವೆ, ಕಡಂಗದೊಳಗೇ ಪಶ್ಚಿಮಕ್ಕೆ ಓಡುತ್ತವೆ. ತಂಡವನ್ನು ಕೊಲ್ಲುವುದು ಚೀಟಿಯಲ್ಲಿ ಇಲ್ಲವೇ ಇಲ್ಲ.

ಗಾಬ್ಲಿನ್‌ನ ಬಿಲ್ಲು 80 ಅಡಿವರೆಗೆ ಸರಾಗವಾಗಿ ಹೊಡೆಯುತ್ತದೆ, ಕತ್ತಲಲ್ಲೂ ಅದಕ್ಕೆ ಕಾಣುತ್ತದೆ, ಆದರೆ ಮಂಜು ಗಾಬ್ಲಿನ್‌ಗೂ ಮಂಜೇ. ಆದ್ದರಿಂದ ಬಿಲ್ಲುಗಾರರಿಬ್ಬರೂ ದಾರಿಯಿಂದ 25 ಅಡಿಯೊಳಗೆ, ಎದುರಿನ ದಂಡೆಯ ಮೇಲೆ ಅಡಗಿರಬೇಕಾಗುತ್ತದೆ. ಮೂವರು ಕಡಂಗದೊಳಗೆ, ಒಬ್ಬ ತಿರುವಿನಲ್ಲಿ ಕಾವಲು. ಮೊದಲ ಸುತ್ತಿನಲ್ಲಿ ಎರಡು ಬಾಣಗಳು ಮುಂದಿರುವ ಫೈಟರ್‌ನತ್ತ, ಅಂದರೆ ತಂಡದ ಯೋಧನತ್ತ, ಹಾರುತ್ತವೆ, ಹಾರಿಸಿದವರು ಅದೇ ಸರದಿಯಲ್ಲಿ ಸಿಗುವ ಹೆಚ್ಚುವರಿ ಕ್ರಿಯೆಯಾದ ಬೋನಸ್ ಆಕ್ಷನ್‌ನಲ್ಲಿ ಮತ್ತೆ ಜರೀಗಿಡದಲ್ಲಿ ಮರೆಯಾಗುತ್ತಾರೆ. ಬಾಣ ನಾಟದಿದ್ದರೂ ಅವರಿಗೆ ಚಿಂತೆಯಿಲ್ಲ. ಫೈಟರ್ ಮುಂದಕ್ಕೆ ಧಾವಿಸಬೇಕು, ಅಷ್ಟೇ. ಅವನು ಧಾವಿಸುತ್ತಾನೆ, ಯಾವ ಫೈಟರ್ ತಾನೇ ಸುಮ್ಮನಿರುತ್ತಾನೆ. ಎರಡನೇ ಸುತ್ತಿನಲ್ಲಿ ಕಡಂಗದಿಂದ ಮೂವರು ಹೇಸರಗತ್ತೆಯ ಹಿಂದೆ ಏಳುತ್ತಾರೆ: ಒಬ್ಬ ಹಗ್ಗ ಹಿಡಿಯುತ್ತಾನೆ, ಇಬ್ಬರು ಹತ್ತಿರ ನಿಂತ ಕ್ಲೆರಿಕ್‌ನನ್ನು, ಅಂದರೆ ತಂಡದ ಪೂಜಾರಿಯನ್ನು, ತಡೆಯುತ್ತಾರೆ. ಮೂರನೆಯದರಲ್ಲಿ ಫೈಟರ್ ಎದುರಿನ ದಂಡೆ ಹತ್ತತೊಡಗುತ್ತಾನೆ, ಹತ್ತುವಾಗ ಪ್ರತಿ ಅಡಿಗೂ ಎರಡರಷ್ಟು ಓಟ ಖರ್ಚಾಗುವುದರಿಂದ ಮೇಲೆ ಮುಟ್ಟುವಷ್ಟರಲ್ಲಿ ಬಿಲ್ಲುಗಾರರು ಅಲ್ಲಿಲ್ಲ. ಇತ್ತ ತಂಡದ ಮಂತ್ರವಾದಿಯಾದ ವಿಜರ್ಡ್ ಅಂಗೈಯಿಂದ ಬೆಂಕಿ ಹರಿಸುತ್ತಾನೆ, 7 ಹಿಟ್ ಪಾಯಿಂಟ್‌ನ ಗಾಬ್ಲಿನ್ ಒಬ್ಬ ಸುಟ್ಟುಬೀಳುತ್ತಾನೆ. ಅಲ್ಲಿಗೆ ಕಾಳಗ ಮುಗಿಯಿತು. ತಡೆಯುತ್ತಿದ್ದ ಇನ್ನೊಬ್ಬ ಜಾರಿಕೊಳ್ಳುತ್ತಾನೆ, ಕಾವಲಿನವನು ಕೂಗು ಹಾಕುತ್ತಾನೆ, ಹೇಸರಗತ್ತೆ ಕಡಂಗದ ತಿರುವಿನಲ್ಲಿ ಮರೆಯಾಗುತ್ತದೆ. ನಾಲ್ಕು ಸುತ್ತು, ಸತ್ತ ಗಾಬ್ಲಿನ್ ಒಬ್ಬ, ಕೆಸರಿನಲ್ಲಿ ಗೊರಸಿನ ಗುರುತು, ಮತ್ತು ಹಿಂದೆ ಹೋಗಬೇಕೇ ಬೇಡವೇ ಎಂದು ಮೇಜಿನ ಸುತ್ತ ಜಗಳ.

ಒಂದೊಂದು ಗಾಬ್ಲಿನ್‌ಗೂ ಸರದಿ ಬಂದಾಗ ಹೊಸದಾಗಿ ಯೋಚಿಸಲು ಹೋದರೆ ಆಟ ಕುಂಟುತ್ತದೆ. ಒಂದು ಗುಂಪಿಗೆ ಒಂದೇ ಯೋಜನೆ, ಅದು ಕೆಟ್ಟರೆ ಮಾಡುವ ಒಂದೇ ಪರ್ಯಾಯ, ಇಷ್ಟನ್ನು ಮೊದಲೇ ನಿರ್ಧರಿಸಿಕೊಂಡಿದ್ದರೆ ಆರಲ್ಲ, ಹನ್ನೆರಡನ್ನೂ ಆಡಿಸಬಹುದು. ಯೋಜನೆ ತಪ್ಪುವುದಕ್ಕೂ ಅವಕಾಶವಿರಲಿ: ತಂಡದ ಕಳ್ಳಹೆಜ್ಜೆಯ ರೋಗ್ ಮೊದಲೇ ಕಡಂಗಕ್ಕೆ ಇಳಿದು ನೋಡಿದರೆ ಗಾಬ್ಲಿನ್‌ಗಳು ಗೊಂದಲಕ್ಕೆ ಬೀಳಬೇಕು. ಆಟಗಾರ ಮಾಡುವುದೆಲ್ಲ ಗೇಮ್ ಮಾಸ್ಟರ್‌ಗೆ ತಿಳಿದಿರುತ್ತದೆ, ಮಾನ್‌ಸ್ಟರ್‌ಗೆ ತಿಳಿದಿರುವುದಿಲ್ಲ ಎಂಬ ಗೆರೆಯನ್ನು ದಾಟಿದರೆ ಎಷ್ಟು ಚೆನ್ನಾದ ತಂತ್ರವೂ ಮೋಸವಾಗಿ ಕಾಣುತ್ತದೆ.

ಓಡಿಹೋಗುವ ನಿಯಮ

ಯಾವಾಗ ಓಡಬೇಕೆಂಬುದನ್ನು ಗೇಮ್ ಮಾಸ್ಟರ್‌ನ ಮನಸ್ಸಿಗೆ ಬಿಟ್ಟರೆ ಓಟ ತಡವಾಗುತ್ತದೆ, ಏಕೆಂದರೆ ಕಷ್ಟಪಟ್ಟು ಸಿದ್ಧಪಡಿಸಿದ ಮೃಗವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸು ಬಾರದು. 1981ರ ಬೇಸಿಕ್ ಆವೃತ್ತಿಯಲ್ಲಿ ಇದಕ್ಕೆ ಅಚ್ಚುಕಟ್ಟಾದ ಉಪಾಯವಿತ್ತು: ಪ್ರತಿ ಮಾನ್‌ಸ್ಟರ್‌ಗೂ 2ರಿಂದ 12ರವರೆಗೆ ಒಂದು ಧೈರ್ಯದ ಅಂಕಿ, ಗುಂಪಿನಲ್ಲಿ ಮೊದಲ ಸಾವು ಆದಾಗ ಒಮ್ಮೆ, ಅರ್ಧ ಗುಂಪು ಉರುಳಿದಾಗ ಮತ್ತೊಮ್ಮೆ ಎರಡು ಆರುಮುಖದ ದಾಳ ಉರುಳಿಸಿ, ಮೊತ್ತ ಆ ಅಂಕಿಯನ್ನು ಮೀರಿದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಐದನೇ ಆವೃತ್ತಿಯಲ್ಲಿ ಐಚ್ಛಿಕ ನಿಯಮವಾಗಿ ಸಿಗುವುದು, 10 ಮುಟ್ಟದಿದ್ದರೆ ಓಡಬೇಕಾದ ವಿಸ್‌ಡಮ್ ದಾಳ. ಹಳೆಯದೇ ವಾಸಿಯೆಂದು ನನ್ನ ಅಭಿಪ್ರಾಯ. ಮೃಗಮೃಗಕ್ಕೂ ಬೇರೆ ಅಂಕಿ ಇರುವುದರಿಂದ ಸ್ವಭಾವವೂ ಬೇರೆಯಾಗುತ್ತದೆ. ಗಾಬ್ಲಿನ್‌ಗೆ 7, ಮರಿಯಿರುವ ತಾಯಿಗೆ 11, ಹಸಿದ ತೋಳಕ್ಕೆ 6 ಎಂದು ನಮ್ಮದೇ ಅಂಕಿಗಳನ್ನು ಚೀಟಿಯ ಮೂಲೆಯಲ್ಲಿ ಬರೆದುಕೊಂಡರೆ ಯಾವ ಆವೃತ್ತಿಯಲ್ಲೂ ನಡೆಯುತ್ತದೆ.

ಓಡಿಹೋದ ಮೃಗಕ್ಕೂ ಪೂರ್ತಿ ಅನುಭವದ ಅಂಕ ಕೊಡುವುದಾಗಿ ಮೊದಲೇ ಹೇಳಿಬಿಡಬೇಕು. ಕೊಂದರೆ ಮಾತ್ರ ಅಂಕವೆಂದಾದರೆ ಆಟಗಾರರು ಓಡುವ ಕೊನೆಯ ಗಾಬ್ಲಿನ್‌ನ ಹಿಂದೆಯೂ ಹತ್ತು ನಿಮಿಷ ಓಡುತ್ತಾರೆ, ಅದಕ್ಕೆ ಅವರನ್ನು ದೂರುವಂತಿಲ್ಲ.

ಪ್ರಜ್ಞೆ ತಪ್ಪಿ ಬಿದ್ದ ಪಾತ್ರದ ವಿಷಯದಲ್ಲಿ ಎಚ್ಚರ ಬೇಕು. ಐದನೇ ಆವೃತ್ತಿಯಲ್ಲಿ ಬಿದ್ದವರಿಗೆ ಹತ್ತಿರದಿಂದ ತಗುಲಿದ ಪ್ರತಿ ಪೆಟ್ಟೂ ಕ್ರಿಟಿಕಲ್, ಅಂದರೆ ಇಮ್ಮಡಿ ದಾಳದ ಪೆಟ್ಟು; ಮೂರು ಸೋಲಾದರೆ ಪಾತ್ರ ಸಾಯುವ ಸಾವಿನ ದಾಳದಲ್ಲಿ ಅದು ಎರಡು ಸೋಲಿಗೆ ಸಮ. ಹಸಿದ ಸೀಳುನಾಯಿ ಅಲ್ಲೇ ತಿನ್ನತೊಡಗುವುದು ಸಹಜವಾದರೂ, ಇಂಥದ್ದು ನಡೆಯಬಹುದೇ ಎಂದು ಆಟ ಶುರುವಾಗುವ ಮೊದಲೇ ಎಲ್ಲರನ್ನೂ ಕೇಳಿ ಒಪ್ಪಿಗೆ ಪಡೆದಿರಬೇಕು. ಒಪ್ಪದಿದ್ದರೆ ಎಳೆದೊಯ್ಯುವುದು ಅಷ್ಟೇ ನಂಬುವಂತಿರುತ್ತದೆ, ಪಾತ್ರವೂ ಉಳಿಯುತ್ತದೆ.

ಅಸ್ಥಿಪಂಜರ, ಜೋಂಬಿಗಳಿಗೆ ಮಾತ್ರ ಚೀಟಿ ಬೇಡ, ಧೈರ್ಯದ ಅಂಕಿಯೂ ಬೇಡ. ಉಳಿದೆಲ್ಲ ಮೃಗಗಳೂ ಹೆದರುವ ಲೋಕದಲ್ಲಿ ಇವು ಹೆದರುವುದಿಲ್ಲ ಎಂಬುದೇ ಇವುಗಳ ಭಯಾನಕತೆ, ಆದ್ದರಿಂದ ಇವನ್ನು ಅಪರೂಪಕ್ಕೆ ಬಳಸುವುದು ಒಳ್ಳೆಯದು. ಕಡಂಗಕ್ಕೆ ಬಿದ್ದರೆ ಬಿದ್ದವುಗಳನ್ನೇ ತುಳಿದುಕೊಂಡು ಆಚೆ ದಂಡೆಗೆ ಹತ್ತಲಿ.

ಬದುಕಿ ಓಡಿದ ಮೃಗದ ಚೀಟಿಯನ್ನು ಹರಿದು ಎಸೆಯಬಾರದು. ಅದರ ಹಿಂಬದಿಯಲ್ಲಿ ಉಳಿದ ಹಿಟ್ ಪಾಯಿಂಟ್‌ಗಳನ್ನೂ ಅದು ಈ ತಂಡದಿಂದ ಕಲಿತದ್ದನ್ನೂ ಬರೆದಿಡಬೇಕು: ಗಾಬ್ಲಿನ್‌ಗಳಿಗೆ ಈಗ ವಿಜರ್ಡ್ ಯಾರೆಂದು ಗೊತ್ತಿದೆ, ಫೈಟರ್ ಕೆಣಕಿದರೆ ಓಡಿಬರುತ್ತಾನೆಂದೂ ಗೊತ್ತಿದೆ. ಮುಂದಿನ ಸಲ ಮೊದಲ ಬಾಣ ಯಾರತ್ತ ಹಾರಬೇಕೆಂಬುದನ್ನು ಆ ಚೀಟಿಯೇ ಹೇಳುತ್ತದೆ.